ಕೂಲರ್ ಬದಲಿಸಿದ ಮೇಲೆ ಕಂಪ್ಯೂಟರ್ ಆನ್ ಆಗುತ್ತಿಲ್ಲ: ಹೊಸ ಎಸ್‌ಎಂಪಿಎಸ್ ಕೊಳ್ಳುವ ಮೊದಲು

ಪ್ರಶ್ನೆ: ನನ್ನದು ಎಎಂ4 ಸಾಕೆಟ್‌ನ (ಪ್ರೊಸೆಸರ್ ಕೂರುವ ಜಾಗ) ರೈಜೆನ್ ಕಂಪ್ಯೂಟರ್. ಪ್ರೊಸೆಸರ್ ಜೊತೆಗೆ ಬಂದಿದ್ದ ಕೂಲರ್ ತೆಗೆದು 240 ಎಂಎಂ ಲಿಕ್ವಿಡ್ ಕೂಲರ್ ಹಾಕಿದೆ. ಹಳೆಯದನ್ನು ಎಳೆದಾಗ ಪ್ರೊಸೆಸರ್ ಕೂಡ ಅದಕ್ಕೇ ಅಂಟಿಕೊಂಡು ಸಾಕೆಟ್‌ನಿಂದ ಕಿತ್ತು ಬಂತು. ಬಿಡಿಸಿ, ಒರೆಸಿ, ಒತ್ತಿ ವಾಪಸ್ ಕೂರಿಸಿದೆ. ಅದರ ಪಂಪ್‌ಗೆ ಸಾಟಾ ಪವರ್ (ಹಾರ್ಡ್ ಡಿಸ್ಕ್‌ಗಳಿಗೆ ವಿದ್ಯುತ್ ಕೊಡುವ ಪ್ಲಗ್) ಬೇಕಿತ್ತು. ಇದ್ದ ಕೇಬಲ್ ಅಲ್ಲಿಗೆ ಮುಟ್ಟಲಿಲ್ಲ, ಮನೆಯಲ್ಲಿದ್ದ ಹಳೆಯ ಎಸ್‌ಎಂಪಿಎಸ್‌ನ (ಕಂಪ್ಯೂಟರಿಗೆ ವಿದ್ಯುತ್ ಕೊಡುವ ಪೆಟ್ಟಿಗೆ) ಕೇಬಲ್ ಹಾಕಿದೆ. ಈಗ ಬಟನ್ ಒತ್ತಿದರೆ ಫ್ಯಾನುಗಳು ಅರ್ಧ ಸುತ್ತು ತಿರುಗಿ ನಿಂತುಬಿಡುತ್ತವೆ. ಮತ್ತೆ ಒತ್ತಿದರೆ ಅದೂ ಇಲ್ಲ. ಮದರ್‌ಬೋರ್ಡ್ ಮೇಲಿನ ಸಣ್ಣ ದೀಪ ಮಾತ್ರ ಉರಿಯುತ್ತಿರುತ್ತದೆ. ಹೊಸ ಕೂಲರ್‌ಗೆ ಪವರ್ ಸಾಲುತ್ತಿಲ್ಲವೇ? ದೊಡ್ಡ ಎಸ್‌ಎಂಪಿಎಸ್ ಕೊಳ್ಳಬೇಕೇ?

ಉತ್ತರ: ಮೊದಲು ಗೋಡೆಯ ಸ್ವಿಚ್ ಆಫ್ ಮಾಡಿ, ಕಂಪ್ಯೂಟರಿನ ಪವರ್ ಕಾರ್ಡ್ ಕಿತ್ತಿಡಿ. ಇನ್ನೊಂದು ಸಲವೂ ಬಟನ್ ಒತ್ತಬೇಡಿ. ಹಳೆಯ ಎಸ್‌ಎಂಪಿಎಸ್‌ನಿಂದ ತಂದ ಆ ಸಾಟಾ ಕೇಬಲನ್ನು ಎರಡೂ ತುದಿಗಳಿಂದ ಕಳಚಿ ಪಕ್ಕಕ್ಕಿಡಿ. ಉಳಿದದ್ದನ್ನೆಲ್ಲ ಆಮೇಲೆ ನಿಧಾನವಾಗಿ ನೋಡೋಣ.

ಹೊಸ ಎಸ್‌ಎಂಪಿಎಸ್ ಕೊಳ್ಳಬೇಡಿ, ಈಗಲೇ ಅಂತೂ ಬೇಡ. ಲಿಕ್ವಿಡ್ ಕೂಲರ್ ಎಂದರೆ ತುಂಬಾ ಪವರ್ ಎಳೆಯುವ ದೊಡ್ಡ ಯಂತ್ರ ಎಂಬ ಭಾವನೆ ಅನೇಕರಲ್ಲಿದೆ. ನಿಜದಲ್ಲಿ ಅದರ ಪಂಪ್ ತಿನ್ನುವುದು ಕೆಲವೇ ವ್ಯಾಟ್. ಎರಡು ಫ್ಯಾನುಗಳದ್ದೂ ಅಷ್ಟೇ. ನಿನ್ನೆಯವರೆಗೆ ಇಡೀ ಕಂಪ್ಯೂಟರನ್ನು ನಡೆಸುತ್ತಿದ್ದ ಎಸ್‌ಎಂಪಿಎಸ್‌ಗೆ ಈ ಭಾರ ಲೆಕ್ಕಕ್ಕೇ ಇಲ್ಲ.

ಇನ್ನೂ ಒಂದು ಅನುಮಾನವನ್ನು ಇಲ್ಲೇ ಬಿಡಿಸಿಬಿಡೋಣ. ಹೊಸ ಕೂಲರ್ ಸರಿಯಾಗಿ ತಂಪು ಮಾಡದ ಕಾರಣಕ್ಕೆ ಕಂಪ್ಯೂಟರ್ ಆನ್ ಆಗುವುದನ್ನೇ ನಿಲ್ಲಿಸುವುದಿಲ್ಲ. ತಣ್ಣಗಿರುವ ಪ್ರೊಸೆಸರ್ ಬಿಸಿಯಾಗಲು ಸಮಯ ಬೇಕು. ಪ್ರೊಸೆಸರಿನ ಶಾಖವನ್ನು ಕೂಲರಿಗೆ ದಾಟಿಸುವ ಥರ್ಮಲ್ ಪೇಸ್ಟ್ ಹಚ್ಚುವುದು ಮರೆತಿರಲಿ, ಕೂಲರ್ ತಳದ ಪ್ಲಾಸ್ಟಿಕ್ ಹಾಳೆ ಕೀಳದೆ ಕೂರಿಸಿರಲಿ, ಪಂಪ್ ತಿರುಗದೇ ಇರಲಿ, ಕಂಪ್ಯೂಟರ್ ಮೊದಲು ಆನ್ ಆಗುತ್ತದೆ, ಫ್ಯಾನ್ ಓಡುತ್ತದೆ, ಎಷ್ಟೋ ಸಲ ಪರದೆಯ ಮೇಲೆ ಚಿತ್ರವೂ ಬರುತ್ತದೆ. ಆಮೇಲೆ ಶಾಖ ಏರಿದಂತೆ ಪ್ರೊಸೆಸರ್ ತನ್ನ ವೇಗ ತಗ್ಗಿಸಿಕೊಳ್ಳುತ್ತದೆ. ಅದೂ ಸಾಲದಾದಾಗ ತಾನಾಗಿ ಆಫ್ ಆಗುತ್ತದೆ. ಈಗಿನ ಹೆಚ್ಚಿನ ಪ್ರೊಸೆಸರ್‌ಗಳ ಮಿತಿ 90ರಿಂದ 100 ಡಿಗ್ರಿ ಸೆಲ್ಸಿಯಸ್. ಅರ್ಧ ಸುತ್ತು ಫ್ಯಾನ್ ತಿರುಗುವಷ್ಟರಲ್ಲಿ ಯಾವ ಪ್ರೊಸೆಸರ್ ಕೂಡ ಅಲ್ಲಿಗೆ ತಲುಪುವುದಿಲ್ಲ. ಹಾಗಾಗಿ ತಪ್ಪು ಇರುವುದು ತಂಪು ಮಾಡುವ ಕೆಲಸದಲ್ಲಲ್ಲ. ಅದನ್ನು ಜೋಡಿಸುವಾಗ ನಿಮ್ಮ ಕೈ ಎಲ್ಲೆಲ್ಲಿ ಹೋಯಿತೋ ಅಲ್ಲಿ ಯಾವುದೋ ಒಂದು ಕಡೆ. ಪರೀಕ್ಷೆ ಕೂಡ ಅದೇ ದಾರಿಯಲ್ಲಿ ಹಿಂದಕ್ಕೆ ನಡೆಯಬೇಕು. ಕೊನೆಗೆ ಮುಟ್ಟಿದ್ದನ್ನು ಮೊದಲು ನೋಡಬೇಕು.

ಈಗ ನಿಮ್ಮ ಯಂತ್ರ ಏನು ಹೇಳುತ್ತಿದೆ ನೋಡಿ. ನೀವು ಬರೆದಿರುವ ಮೂರು ಲಕ್ಷಣಗಳಲ್ಲೂ ಮಾಹಿತಿ ಇದೆ.

ಬೋರ್ಡ್ ಮೇಲಿನ ದೀಪ ಉರಿಯುತ್ತಿದೆ ಎಂದರೆ ಎಸ್‌ಎಂಪಿಎಸ್‌ನಿಂದ 5 ವೋಲ್ಟ್‌ನ ಸ್ಟ್ಯಾಂಡ್‌ಬೈ ವಿದ್ಯುತ್ ಬರುತ್ತಿದೆ. ಕಂಪ್ಯೂಟರ್ ಆಫ್ ಇದ್ದಾಗಲೂ ಹರಿಯುವ ವಿದ್ಯುತ್ ಇದು. ಬಟನ್ ಒತ್ತಿದ್ದನ್ನು ಬೋರ್ಡ್ ಗುರುತಿಸುವುದು ಇದರ ಬಲದಿಂದಲೇ. ಆದ್ದರಿಂದ ಗೋಡೆಯ ಪ್ಲಗ್, ಕಾರ್ಡ್, ಎಸ್‌ಎಂಪಿಎಸ್ ಹಿಂಬದಿಯ ಸ್ವಿಚ್, 24 ಪಿನ್ನಿನ ದೊಡ್ಡ ಕನೆಕ್ಟರ್, ಇವೆಲ್ಲ ತಕ್ಕಮಟ್ಟಿಗೆ ಸರಿ ಇವೆ. ಫ್ಯಾನುಗಳು ಅರ್ಧ ಸುತ್ತು ತಿರುಗಿದವು ಎಂದರೆ ಬಟನ್ನಿನ ಸಂದೇಶ ಬೋರ್ಡಿಗೆ ತಲುಪಿದೆ, ಬೋರ್ಡ್ ಎಸ್‌ಎಂಪಿಎಸ್‌ಗೆ ‘ಶುರು ಮಾಡು’ ಎಂದಿದೆ, ಅದು 12 ವೋಲ್ಟ್ ಬಿಟ್ಟಿದೆ, ಬಿಟ್ಟ ಕ್ಷಣದಲ್ಲೇ ನಿಲ್ಲಿಸಿದೆ. ಅಂದರೆ ಪವರ್ ಬಟನ್ನಿನ ವೈರ್ ತಪ್ಪು ಪಿನ್ನಿಗೆ ಹೋಗಿಲ್ಲ. ಆ ಕಡೆ ಹುಡುಕುತ್ತಾ ಸಮಯ ಕಳೆಯಬೇಡಿ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಎರಡನೇ ಸಲ ಒತ್ತಿದರೆ ಫ್ಯಾನ್ ಅಲ್ಲಾಡುವುದೂ ಇಲ್ಲ ಎಂದಿದ್ದೀರಿ. ಎಸ್‌ಎಂಪಿಎಸ್ ಒಳಗೆ ಶಾರ್ಟ್ ಸರ್ಕ್ಯೂಟ್ ಮತ್ತು ಅತಿಭಾರದಿಂದ ಕಾಪಾಡುವ ವ್ಯವಸ್ಥೆ ಇರುತ್ತದೆ. ಎಲ್ಲೋ ಶಾರ್ಟ್ ಆಗಿದೆ ಎಂದು ಕಂಡ ಕೂಡಲೇ ಅದು ಎಲ್ಲ ವಿದ್ಯುತ್ತನ್ನೂ ಕಡಿದು, ಬೀಗ ಹಾಕಿಕೊಂಡು ಕೂರುತ್ತದೆ. ಹಿಂಬದಿಯ ಸ್ವಿಚ್ ಆಫ್ ಮಾಡಿ, ಅರ್ಧ ನಿಮಿಷ ಬಿಟ್ಟು ಆನ್ ಮಾಡಿದರೆ ಸಾಮಾನ್ಯವಾಗಿ ಮತ್ತೆ ಅದೇ ಅರ್ಧ ಸುತ್ತು ಸಿಗುತ್ತದೆ. ಒತ್ತಿದಾಗಲೆಲ್ಲ ಫ್ಯಾನ್ ಅಲುಗಿ ನಿಲ್ಲುತ್ತಿದ್ದರೆ, ಅಥವಾ ಆನ್ ಆಫ್ ಆಗುತ್ತಲೇ ಇದ್ದರೆ, ಆಗ ಬೋರ್ಡೇ ಹಿಂದೆ ಸರಿಯುತ್ತಿದೆ ಎಂದು ಊಹಿಸಬಹುದಿತ್ತು. ನಿಮ್ಮದು ಎಸ್‌ಎಂಪಿಎಸ್ ಬೀಗ ಹಾಕಿಕೊಂಡ ಲಕ್ಷಣ. ಅದು ಕೆಟ್ಟಿಲ್ಲ, ತನ್ನ ಕೆಲಸ ಮಾಡುತ್ತಿದೆ. ಇದೇ ಕಾರಣಕ್ಕೆ ಅದನ್ನು ಬದಲಿಸಬೇಡಿ ಎಂದು ಇಷ್ಟು ಒತ್ತಿ ಹೇಳಿದ್ದು. ಹೊಸದನ್ನು ತಂದು ಅದೇ ಶಾರ್ಟ್‌ಗೆ ಜೋಡಿಸಿದರೆ ಅದೂ ಹೀಗೆಯೇ ನಿಲ್ಲುತ್ತದೆ. ಅದರಲ್ಲಿ ರಕ್ಷಣೆ ಕಳಪೆಯಾಗಿದ್ದರೆ ಬೋರ್ಡನ್ನೇ ಸುಟ್ಟೀತು.

ಇನ್ನು ಆ ಕೇಬಲ್ ವಿಷಯ.

ಕೇಬಲ್‌ಗಳನ್ನು ಕಳಚಿ ಹಾಕಬಹುದಾದ ಮಾಡ್ಯುಲರ್ ಎಸ್‌ಎಂಪಿಎಸ್‌ಗಳಲ್ಲಿ ಕೇಬಲ್ಲಿನ ಒಂದು ತುದಿಗೆ ಮಾತ್ರ ಎಲ್ಲರೂ ಒಪ್ಪಿದ ನಿಯಮವಿದೆ. ಡ್ರೈವ್, ಪಂಪ್, ಬೋರ್ಡ್ ಇವುಗಳಿಗೆ ಹೋಗುವ ತುದಿ ಎಲ್ಲ ಕಂಪನಿಗಳಲ್ಲೂ ಒಂದೇ. ಎಸ್‌ಎಂಪಿಎಸ್‌ಗೆ ಚುಚ್ಚುವ ತುದಿಗೆ ಅಂಥ ನಿಯಮ ಇಲ್ಲ. ಯಾವ ರಂಧ್ರದಲ್ಲಿ 12 ವೋಲ್ಟ್, ಯಾವುದರಲ್ಲಿ 5 ವೋಲ್ಟ್, ಯಾವುದು ಗ್ರೌಂಡ್ (ವಿದ್ಯುತ್ ವಾಪಸ್ ಹೋಗುವ ದಾರಿ) ಎಂಬುದನ್ನು ಆಯಾ ತಯಾರಕರು ತಮಗೆ ಬೇಕಾದಂತೆ ಇಟ್ಟುಕೊಂಡಿದ್ದಾರೆ. ಒಂದೇ ಕಂಪನಿಯ ಎರಡು ಮಾಡೆಲ್‌ಗಳಲ್ಲಿ ಕೂಡ ಬೇರೆ ಬೇರೆ ಇರುವುದುಂಟು. ಪ್ಲಗ್ಗಿನ ಆಕಾರ ಮಾತ್ರ ಒಂದೇ ಥರ ಇರುವುದರಿಂದ ಹಳೆಯ ಕೇಬಲ್ ಹೊಸದರಲ್ಲಿ ಟಕ್ಕೆಂದು ಕೂರುತ್ತದೆ. ಕೂತಿತು ಎಂದರೆ ಸರಿ ಇದೆ ಎಂದೇ ನಾವು ತಿಳಿಯುತ್ತೇವೆ. ಆದರೆ ಒಳಗೆ 12 ವೋಲ್ಟ್ ನೇರ ಗ್ರೌಂಡಿಗೆ ಹೋಗಿರಬಹುದು. ಹಾಗಾದರೆ ನಿಮಗೆ ಕಂಡ ಅರ್ಧ ಸುತ್ತು, ಆಮೇಲಿನ ಮೌನ, ಎರಡಕ್ಕೂ ಕಾರಣ ಸಿಕ್ಕಿತು. ಇದಕ್ಕಿಂತ ಕೆಟ್ಟದ್ದೆಂದರೆ 5 ವೋಲ್ಟ್ ಬರಬೇಕಾದ ಕಡೆ 12 ವೋಲ್ಟ್ ಬರುವುದು. ಆಗ ಎಸ್‌ಎಂಪಿಎಸ್‌ಗೆ ಏನೂ ತಪ್ಪು ಕಾಣದೆ ಅದು ಹಾಯಾಗಿ ವಿದ್ಯುತ್ ಕೊಡುತ್ತದೆ, ಆ ಕೇಬಲ್ಲಿನಲ್ಲಿರುವ ಹಾರ್ಡ್ ಡಿಸ್ಕ್, ಎಸ್‌ಎಸ್‌ಡಿಗಳು ಕ್ಷಣದಲ್ಲಿ ಹೋಗುತ್ತವೆ. ಅವುಗಳ ಜೊತೆ ಅದರೊಳಗಿನ ಫೋಟೋ, ಲೆಕ್ಕ, ಕಡತ ಎಲ್ಲವೂ. ಬಿಡಿಭಾಗ ಮತ್ತೆ ಕೊಳ್ಳಬಹುದು, ಅವನ್ನು ಕೊಳ್ಳಲಾಗದು. ಆ ಕೇಬಲ್ಲಿಗೆ ಪಂಪ್ ಬಿಟ್ಟು ಬೇರೇನಾದರೂ ಜೋಡಿಸಿದ್ದಿರಾ ಎಂದು ನೆನಪು ಮಾಡಿಕೊಳ್ಳಿ. ಜೋಡಿಸಿದ್ದರೆ ಆ ಡ್ರೈವ್‌ಗಳನ್ನು ಸದ್ಯಕ್ಕೆ ಕಳಚಿಡಿ, ಕೊನೆಗೆ ಒಂದೊಂದಾಗಿ ನೋಡೋಣ.

ಪಂಪ್‌ಗೆ ಈಗಿನ ಎಸ್‌ಎಂಪಿಎಸ್ ಜೊತೆಗೇ ಬಂದ ಕೇಬಲ್ ಮಾತ್ರ ಬಳಸಿ. ಉದ್ದ ಸಾಲದಿದ್ದರೆ ಸಾಟಾ ಎಕ್ಸ್‌ಟೆನ್ಷನ್ ಕೇಬಲ್ ಸಿಗುತ್ತದೆ. ಅದರ ಎರಡೂ ತುದಿ ಸಾಟಾ ಆಕಾರದ್ದೇ ಆಗಿರುವುದರಿಂದ ಈ ಗೊಂದಲ ಇಲ್ಲ.

ಕೇಬಲ್ ತೆಗೆದ ಮೇಲೆ ಮೊದಲ ಪರೀಕ್ಷೆ ಮಾಡಿ. ಪಂಪ್‌ಗೆ ಪವರ್ ಇಲ್ಲದಿದ್ದರೂ ಚಿಂತೆಯಿಲ್ಲ, ನಾಲ್ಕೈದು ಸೆಕೆಂಡಿನ ಮಾತು. ಹಿಂಬದಿ ಸ್ವಿಚ್ ಆಫ್ ಇಟ್ಟು, ಒಳಗೆ ಉಳಿದ ವಿದ್ಯುತ್ ಖಾಲಿಯಾಗಲು ಪವರ್ ಬಟನ್ನನ್ನು ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಆಮೇಲೆ ಸ್ವಿಚ್ ಆನ್ ಮಾಡಿ ಬಟನ್ ಒತ್ತಿ. ಫ್ಯಾನುಗಳು ಓಡುತ್ತಲೇ ಇದ್ದರೆ ಶಾರ್ಟ್ ಆ ಕೇಬಲ್ಲಿನದ್ದೇ. ಬಟನ್ ಒತ್ತಿ ಹಿಡಿದು ತಕ್ಷಣ ಆಫ್ ಮಾಡಿ, ಸರಿಯಾದ ಕೇಬಲ್ ಹಾಕಿ ಮುಂದುವರಿಯಿರಿ. ಪಂಪ್ ಇಲ್ಲದೆ ಓಡಲು ಬಿಡಬೇಡಿ.

ಮತ್ತೆ ಅದೇ ಅರ್ಧ ಸುತ್ತು ಬಂತೇ? ಹಾಗಿದ್ದರೆ ಮುಂದಿನ ಪರೀಕ್ಷೆಯಿಂದ ಅರ್ಧ ಹುಡುಕಾಟ ತಪ್ಪುತ್ತದೆ. ಪವರ್ ಕಾರ್ಡ್ ಕಿತ್ತು, ಬೋರ್ಡಿನ ಮೇಲ್ಭಾಗದ ಎಡಮೂಲೆಯಲ್ಲಿ ಪ್ರೊಸೆಸರ್‌ಗೆಂದೇ ಇರುವ 8 ಪಿನ್ನಿನ ಪವರ್ ಕನೆಕ್ಟರನ್ನು ಕಳಚಿ. ನಾಲ್ಕು ನಾಲ್ಕು ಪಿನ್ನುಗಳ ಎರಡು ತುಂಡು ಸೇರಿದ ಹಾಗೆ ಇರುತ್ತದೆ. ಕೆಲವು ಬೋರ್ಡುಗಳಲ್ಲಿ ಅದರ ಪಕ್ಕ ಇನ್ನೊಂದು ಇರಬಹುದು, ಅದನ್ನೂ ಕಳಚಿ. ಉಳಿದದ್ದು ಹಾಗೇ ಇರಲಿ. ಈಗ ಆನ್ ಮಾಡಿ ನೋಡಿ. ಪರದೆಯಲ್ಲಿ ಏನೂ ಬರುವುದಿಲ್ಲ, ಬರಬಾರದು ಕೂಡ. ನೋಡಬೇಕಾದದ್ದು ಫ್ಯಾನುಗಳನ್ನು. ಅವು ನಿಲ್ಲದೆ ಓಡಿದರೆ ಶಾರ್ಟ್ ಇರುವುದು ಪ್ರೊಸೆಸರ್‌ಗೆ ವಿದ್ಯುತ್ ಹೋಗುವ ದಾರಿಯಲ್ಲಿ: ಪ್ರೊಸೆಸರ್, ಅದರ ಸಾಕೆಟ್, ಸುತ್ತಲಿನ ಬಿಡಿಭಾಗಗಳು. ಆಗಲೂ ಅರ್ಧ ಸುತ್ತಿಗೇ ನಿಂತರೆ ಶಾರ್ಟ್ ಬೇರೆಲ್ಲೋ ಇದೆ.

ಮೊದಲನೆಯದೇ ಆಗಿದ್ದರೆ ಪ್ರೊಸೆಸರ್ ಹೊರಗೆ ಬರಲೇಬೇಕು. ನಿಮ್ಮ ಪತ್ರದಲ್ಲಿ ನನಗೆ ಕಳವಳ ತಂದ ಮಾತು ‘ಒತ್ತಿ ವಾಪಸ್ ಕೂರಿಸಿದೆ’ ಎನ್ನುವುದು.

ಎಎಂ4 ಪ್ರೊಸೆಸರ್ ಅಡಿಯಲ್ಲಿ 1331 ಪಿನ್ನುಗಳಿವೆ, ಚಿನ್ನದ ಲೇಪ ಇರುವ ಸಣ್ಣ ಸಣ್ಣ ಕಡ್ಡಿಗಳು. ಸಾಕೆಟ್ಟಿನ ಸನ್ನೆಕಡ್ಡಿ ಕೆಳಗಿದ್ದಾಗ ಸಾಕೆಟ್ ಆ ಪಿನ್ನುಗಳನ್ನು ಪಕ್ಕದಿಂದ ಹಿಡಿದುಕೊಂಡಿರುತ್ತದೆಯೇ ಹೊರತು ಮೇಲಿನಿಂದ ಅದುಮಿ ಹಿಡಿಯುವ ಚೌಕಟ್ಟು ಇದರಲ್ಲಿಲ್ಲ. ಹಳೆಯ ಥರ್ಮಲ್ ಪೇಸ್ಟ್ ಒಣಗಿ ಅಂಟಾಗಿರುವಾಗ ಕೂಲರನ್ನು ನೇರ ಮೇಲಕ್ಕೆ ಎಳೆದರೆ ಸನ್ನೆ ಹಾಕಿದ್ದರೂ ಪ್ರೊಸೆಸರ್ ಕಿತ್ತು ಬರುತ್ತದೆ. ಇದು ಬಹಳ ಜನರಿಗೆ ಆಗುವಂಥದ್ದು, ನಿಮ್ಮ ಒರಟುತನ ಎಂದುಕೊಳ್ಳಬೇಡಿ. ಕಿತ್ತು ಬಂದಾಗ ಪಿನ್ ಬಾಗಿರಬಹುದು, ಬಾಗದೆಯೂ ಇರಬಹುದು. ಹೆಚ್ಚು ಅಪಾಯ ವಾಪಸ್ ಕೂರಿಸುವಾಗ. ಸನ್ನೆ ಆಗಲೂ ಕೆಳಗೇ ಇರುತ್ತದಲ್ಲ, ಸಾಕೆಟ್ಟಿನ ರಂಧ್ರಗಳು ಬಿಗಿಯಾಗಿರುತ್ತವೆ. ಆಗ ಬೆರಳಿನಿಂದ ಒತ್ತಿದರೆ ಪಿನ್ನುಗಳು ಒಳಗೆ ಇಳಿಯುವ ಬದಲು ಪಕ್ಕಕ್ಕೆ ಮಲಗುತ್ತವೆ. ಸನ್ನೆ ಪೂರ್ತಿ ಎತ್ತಿದಾಗ ಪ್ರೊಸೆಸರ್ ತನ್ನ ತೂಕಕ್ಕೇ ಕೆಳಗಿಳಿಯಬೇಕು. ಬೆರಳಿನ ಬಲ ಬೇಕಾಯಿತು ಎಂದರೆ ಏನೋ ಅಡ್ಡ ಬಂದಿದೆ ಎಂದೇ ಅರ್ಥ.

ಈ ಸಲ ಕೂಲರ್ ಬಿಚ್ಚುವಾಗ ಹೀಗೆ ಮಾಡಿ. ಸ್ಕ್ರೂಗಳನ್ನು ಒಂದೊಂದನ್ನೇ ಪೂರ್ತಿ ತೆಗೆಯದೆ, ಎದುರುಬದುರಿನದನ್ನು ಸ್ವಲ್ಪ ಸ್ವಲ್ಪವೇ ಸಡಿಲಿಸುತ್ತಾ ಬನ್ನಿ. ಪಂಪ್ ಇರುವ ತಲೆಯನ್ನು ಮೇಲಕ್ಕೆ ಎಳೆಯಬೇಡಿ. ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಚಿ, ಪೇಸ್ಟಿನ ಹಿಡಿತ ಬಿಟ್ಟಿದ್ದು ಕೈಗೆ ಗೊತ್ತಾಗುತ್ತದೆ, ಆಮೇಲೆ ಎತ್ತಿ. ಹೊಸ ಪೇಸ್ಟ್ ಇನ್ನೂ ಮೆತ್ತಗಿರುವುದರಿಂದ ಈ ಸಲ ಕಷ್ಟವಾಗಲಾರದು. (ಚೆನ್ನಾಗಿ ಓಡುತ್ತಿರುವ ಕಂಪ್ಯೂಟರಿನ ಹಳೆಯ ಕೂಲರ್ ತೆಗೆಯುವವರಿಗೆ ಒಂದು ಮಾತು: ಮೊದಲು ಹತ್ತು ಹದಿನೈದು ನಿಮಿಷ ಭಾರದ ಕೆಲಸ ಕೊಟ್ಟು ಪ್ರೊಸೆಸರನ್ನು ಬಿಸಿ ಮಾಡಿ, ಆಫ್ ಮಾಡಿದ ಕೂಡಲೇ ಬಿಚ್ಚಿ. ಬಿಸಿಯಿದ್ದಾಗ ಪೇಸ್ಟ್ ಸಡಿಲವಾಗಿ ತಿರುಚಲು ಬರುತ್ತದೆ.)

ಸನ್ನೆ ಎತ್ತಿ, ಪ್ರೊಸೆಸರನ್ನು ಅಂಚುಗಳಲ್ಲಿ ಹಿಡಿದು ತೆಗೆಯಿರಿ. ಮೊಬೈಲಿನ ಟಾರ್ಚ್ ಬೆಳಕನ್ನು ಪಕ್ಕದಿಂದ ಬಿಟ್ಟು, ಪಿನ್ನುಗಳ ಸಾಲನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ. ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ, ಕೊನೆಗೆ ಮೂಲೆಯಿಂದ ಮೂಲೆಗೆ. ನೆಟ್ಟಗಿರುವ ಸಾಲುಗಳ ಮಧ್ಯೆ ಬೆಳಕಿನ ಸಪೂರ ಗೆರೆಗಳು ಆರಪಾರಾಗಿ ಕಾಣುತ್ತವೆ. ಯಾವುದಾದರೂ ಗೆರೆ ನಡುವೆ ಕಡಿದು ಹೋದರೆ ಅಲ್ಲಿ ಒಂದು ಪಿನ್ ಬಾಗಿದೆ. ಮೇಲಿನಿಂದ ನೋಡಿದರೆ ಇದು ಸುಲಭವಾಗಿ ಕಣ್ತಪ್ಪುತ್ತದೆ. ಫೋಟೋ ತೆಗೆದು ದೊಡ್ಡದು ಮಾಡಿ ನೋಡುವುದೂ ಒಳ್ಳೆಯದೇ.

ಬಾಗಿದ ಪಿನ್ ಸಿಕ್ಕರೆ ಗಾಬರಿ ಬೇಡ. ಮುರಿಯದಿದ್ದರೆ ನೆಟ್ಟಗೆ ಮಾಡಬಹುದು. ಸೀಸ ತೆಗೆದ ಮೆಕ್ಯಾನಿಕಲ್ ಪೆನ್ಸಿಲ್ಲಿನ ಲೋಹದ ಮೂತಿ ಇದಕ್ಕೆ ಒಳ್ಳೆಯ ಸಾಧನ. ಪಿನ್ನಿನ ಮೇಲೆ ಅದನ್ನು ಇಳಿಸಿ, ಕೂದಲೆಳೆಯಷ್ಟು ಸರಿಸಿ, ಎತ್ತಿ, ನೋಡಿ, ಮತ್ತೆ ಸರಿಸಿ. ಒಂದೇ ಏಟಿಗೆ ನೆಟ್ಟಗೆ ಮಾಡಲು ಹೋದರೆ ಬುಡದಲ್ಲಿ ಮುರಿಯುತ್ತದೆ. ಹಿಂದೆ ಮುಂದೆ ಹಲವು ಸಲ ಬಗ್ಗಿಸಿದರೂ ಅಷ್ಟೇ. ಸಾಲಿನ ಗೆರೆ ತಪ್ಪಿದ ಪಿನ್ನುಗಳು ಹಲವಾರಿದ್ದರೆ ತೆಳ್ಳನೆಯ ಪ್ಲಾಸ್ಟಿಕ್ ಕಾರ್ಡನ್ನು ಸಾಲುಗಳ ನಡುವೆ ತೂರಿಸಿ ಒಟ್ಟಿಗೆ ಸರಿಪಡಿಸಬಹುದು. ಕೈ ನಡುಗುತ್ತಿದೆ ಎನಿಸಿದರೆ ಆ ಹೊತ್ತಿಗೆ ಕೆಲಸ ಬಿಟ್ಟೇಳಿ, ಈ ಕೆಲಸಕ್ಕೆ ಅವಸರ ಸಲ್ಲ.

ಪಿನ್ನುಗಳ ನಡುವೆ ಪೇಸ್ಟ್ ಸೇರಿದೆಯೇ ಎಂದೂ ನೋಡಿ. ಕಿತ್ತು ಬಂದ ಪ್ರೊಸೆಸರನ್ನು ಕೂಲರಿನಿಂದ ಬಿಡಿಸುವ ಗಡಿಬಿಡಿಯಲ್ಲಿ ಬೆರಳಿನ ಪೇಸ್ಟ್ ಕೆಳಗೂ ಹತ್ತುತ್ತದೆ. ಸಾಮಾನ್ಯ ಬೂದು ಅಥವಾ ಬಿಳಿ ಪೇಸ್ಟ್ ವಿದ್ಯುತ್ ಹರಿಸುವುದಿಲ್ಲ, ಆದರೆ ಪಿನ್ನಿಗೂ ಸಾಕೆಟ್ಟಿಗೂ ನಡುವೆ ಸೇರಿ ಸಂಪರ್ಕ ತಪ್ಪಿಸಬಲ್ಲದು. ಐಸೊಪ್ರೊಪಿಲ್ ಆಲ್ಕೋಹಾಲ್ ಮತ್ತು ಮೆತ್ತನೆಯ ಬ್ರಷ್‌ನಿಂದ, ಪಿನ್ನಿನ ಉದ್ದಕ್ಕೇ ಮೇಲ್ಮುಖವಾಗಿ ಒರೆಸಿ, ಪೂರ್ತಿ ಆರಲು ಬಿಡಿ. ಲಿಕ್ವಿಡ್ ಮೆಟಲ್ ಎಂಬ ಗ್ಯಾಲಿಯಂ ಮಿಶ್ರಣ ಬಳಸಿದ್ದರೆ ಮಾತೇ ಬೇರೆ. ಅದು ಅಪ್ಪಟ ಲೋಹ, ವಿದ್ಯುತ್ ಹರಿಸುತ್ತದೆ, ಒಂದು ಹನಿ ಆಚೀಚೆ ಜಾರಿದರೂ ಶಾರ್ಟ್. ಅಲ್ಯುಮಿನಿಯಮ್ ತಳದ ಕೂಲರನ್ನಂತೂ ತಿಂದು ಹಾಕುತ್ತದೆ. ಹೊಸಬರು ಅದನ್ನು ಮುಟ್ಟದಿರುವುದೇ ಲೇಸು.

ವಾಪಸ್ ಕೂರಿಸುವಾಗ ಪ್ರೊಸೆಸರಿನ ಮೂಲೆಯಲ್ಲಿರುವ ಚಿನ್ನದ ತ್ರಿಕೋನ ಸಾಕೆಟ್ ಮೂಲೆಯ ತ್ರಿಕೋನಕ್ಕೆ ಹೊಂದಬೇಕು. ಸನ್ನೆ ಮೇಲೆತ್ತಿರಬೇಕು. ಬಿಟ್ಟರೆ ಕೂರಬೇಕು. ಆಮೇಲೆ ಸನ್ನೆ ಇಳಿಸಿ.

ಎಎಂ5, ಅಥವಾ ಇಂಟೆಲ್‌ನ ಎಲ್‌ಜಿಎ1700ರಂಥ ಸಾಕೆಟ್ ಇರುವವರಿಗೆ ಈ ಕಿತ್ತು ಬರುವ ಕಾಟ ಇಲ್ಲ. ಅಲ್ಲಿ ಲೋಹದ ಚೌಕಟ್ಟು ಪ್ರೊಸೆಸರನ್ನು ಅದುಮಿ ಹಿಡಿದಿರುತ್ತದೆ. ಆದರೆ ಅಲ್ಲಿ ಪಿನ್ನುಗಳಿರುವುದು ಸಾಕೆಟ್ಟಿನಲ್ಲಿ, ಇನ್ನೂ ನಾಜೂಕು. ಬಾಗಿದರೆ ನೆಟ್ಟಗೆ ಮಾಡುವುದು ಇದಕ್ಕಿಂತ ಬಹಳ ಕಷ್ಟ. ಅವರಿಗೆ ಹೆಚ್ಚಾಗಿ ಬರುವ ತೊಂದರೆ ಬೇರೆ: ಕೂಲರಿನ ಒಂದು ಮೂಲೆ ಅತಿ ಬಿಗಿ, ಎದುರು ಮೂಲೆ ಸಡಿಲ. ಒತ್ತಡ ಓರೆಯಾದಾಗ ಕೆಲವು ಪಿನ್ನುಗಳಿಗೆ ಸಂಪರ್ಕ ತಪ್ಪಿ, ಒಂದು ಕಡೆಯ ರ‍್ಯಾಮ್ ಕಾಣದಂತಾಗುತ್ತದೆ, ಇಲ್ಲವೇ ಡಿಸ್‌ಪ್ಲೇ ಬರುವುದೇ ಇಲ್ಲ. ನಾಲ್ಕೂ ಸ್ಕ್ರೂ ಸಡಿಲಿಸಿ, ಎದುರುಬದುರಾಗಿ ಎರಡೆರಡು ಸುತ್ತು ಬಿಗಿಯುತ್ತಾ ಬಂದರೆ ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ.

8 ಪಿನ್ನಿನ ಕನೆಕ್ಟರ್ ಕಳಚಿದರೂ ಅರ್ಧ ಸುತ್ತಿಗೇ ನಿಂತಿದ್ದರೆ ಕೂಲರಿನ ಉಳಿದ ವೈರುಗಳನ್ನು ಅನುಮಾನಿಸಿ. ಲಿಕ್ವಿಡ್ ಕೂಲರಿಗೆ ಅದೆಷ್ಟು ಬಾಲಗಳು! ಪಂಪ್‌ನ ವೈರ್, ಫ್ಯಾನುಗಳದ್ದು, ಬಣ್ಣದ ದೀಪದ್ದು, ಯುಎಸ್‌ಬಿಯದ್ದು. ಇವುಗಳಲ್ಲಿ ನಾನು ಮೊದಲು ನೋಡುವುದು ಯುಎಸ್‌ಬಿ. ಬೋರ್ಡಿನ ಆ ಪಿನ್ನುಗಳಲ್ಲಿ ಒಂದು ತುದಿಯಲ್ಲಿ 5 ವೋಲ್ಟ್, ಇನ್ನೊಂದು ತುದಿಯಲ್ಲಿ ಗ್ರೌಂಡ್. ಹತ್ತು ರಂಧ್ರದ ಪ್ಲಗ್ ಆದರೆ ಒಂದು ಮುಚ್ಚಿರುವುದರಿಂದ ತಿರುಗುಮುರುಗಾಗುವುದಿಲ್ಲ. ಕೆಲವು ಕೂಲರುಗಳಲ್ಲಿ ಒಂದೇ ಸಾಲಿನ ಪ್ಲಗ್ ಇರುತ್ತದೆ, ಅದನ್ನು ಉಲ್ಟಾ ಅಥವಾ ಒಂದು ಪಿನ್ ಆಚೆಗೆ ಹಾಕಿಬಿಡುವುದು ಸುಲಭ. ದೀಪದ ಪ್ಲಗ್ಗಿನಲ್ಲೂ ಎರಡು ಜಾತಿ. ಮೂರು ಪಿನ್ನಿನದು 5 ವೋಲ್ಟ್, ನಾಲ್ಕು ಪಿನ್ನಿನದು 12 ವೋಲ್ಟ್. 5 ವೋಲ್ಟ್‌ನ ದೀಪಕ್ಕೆ 12 ವೋಲ್ಟ್ ಕೊಟ್ಟರೆ ದೀಪ ಸುಡುತ್ತದೆ. ಯುಎಸ್‌ಬಿ, ದೀಪ ಎರಡನ್ನೂ ಕಳಚಿಟ್ಟು ಆನ್ ಮಾಡಿ ನೋಡಿ. ಅವಿಲ್ಲದಿದ್ದರೂ ಕಂಪ್ಯೂಟರ್ ಶುರುವಾಗಲು ಅಡ್ಡಿಯಿಲ್ಲ.

ಆಮೇಲೆ ಬೋರ್ಡಿನ ಹಿಂಬದಿ. ಎಎಂ4ನಲ್ಲಿ ಕೂಲರ್ ಹಿಡಿಯುವ ಲೋಹದ ಪ್ಲೇಟ್ ಬೋರ್ಡಿನ ಬೆನ್ನಿಗಿರುತ್ತದೆ. ಮುಂದಿನ ನಾಲ್ಕು ಸ್ಕ್ರೂ ತೆಗೆದ ಕೂಡಲೇ ಅದು ಕಳಚಿ ಬೀಳುತ್ತದೆ. ಹೆಚ್ಚಿನ ಲಿಕ್ವಿಡ್ ಕೂಲರುಗಳು ಇದೇ ಪ್ಲೇಟನ್ನು ಮತ್ತೆ ಬಳಸುತ್ತವೆ, ಪೆಟ್ಟಿಗೆಯಲ್ಲಿ ಬರುವ ಇನ್ನೊಂದು ಪ್ಲೇಟ್ ಇಂಟೆಲ್ ಬೋರ್ಡುಗಳಿಗೆ. ಅದನ್ನು ಇದಕ್ಕೆ ಹೊಂದಿಸಲು ಹೋಗಿ, ಅದರ ಅಂಚು ಬೋರ್ಡಿನ ಬೆಸುಗೆಗಳಿಗೆ ತಗುಲಿದರೆ ಶಾರ್ಟ್ ಆಗುತ್ತದೆ. ಬಿದ್ದ ಸ್ಕ್ರೂ ಒಂದು ಬೋರ್ಡಿಗೂ ಕ್ಯಾಬಿನೆಟ್ಟಿಗೂ ನಡುವೆ ಸಿಕ್ಕಿಕೊಂಡಿರುವುದೂ ಉಂಟು. ಕ್ಯಾಬಿನೆಟ್ ಎತ್ತಿ ಮೆಲ್ಲಗೆ ಓರೆ ಮಾಡಿ, ಕಿವಿಗೊಡಿ. ಹೊಸ ಕೂಲರಿನ ಸ್ಕ್ರೂಗಳಲ್ಲಿ ಎಷ್ಟು ಬಳಸಿದಿರಿ, ಎಷ್ಟು ಉಳಿದವು, ಲೆಕ್ಕ ಹೊಂದುತ್ತದೆಯೇ ಎಂದು ಎಣಿಸಿ.

ದ್ರವವನ್ನು ತಣಿಸುವ, ಫ್ಯಾನುಗಳು ಕೂರುವ ರೇಡಿಯೇಟರ್ ಬಗ್ಗೆಯೂ ಒಂದು ಎಚ್ಚರಿಕೆ. ಕೂಲರ್ ಜೊತೆ ಉದ್ದದ ಮತ್ತು ಗಿಡ್ಡ ಸ್ಕ್ರೂ ಎರಡೂ ಬರುತ್ತವೆ. ಫ್ಯಾನ್ ದಾಟಿ ರೇಡಿಯೇಟರಿಗೆ ಹೋಗಲು ಉದ್ದದ್ದು, ಕ್ಯಾಬಿನೆಟ್ಟಿನ ತಗಡಿನಿಂದ ನೇರ ಹೋಗಲು ಗಿಡ್ಡದ್ದು. ಅದಲು ಬದಲಾದರೆ ಉದ್ದದ ಸ್ಕ್ರೂ ರೇಡಿಯೇಟರಿನ ಕೊಳವೆಯನ್ನೇ ಚುಚ್ಚಿ ದ್ರವ ಸೋರುತ್ತದೆ. ಬಿಳಿ ಟಿಶ್ಯೂ ಕಾಗದವನ್ನು ಕೊಳವೆಗಳ ಬುಡ, ರೇಡಿಯೇಟರಿನ ಅಂಚು, ಗ್ರಾಫಿಕ್ಸ್ ಕಾರ್ಡಿನ ಮೇಲ್ಮೈ ಇಲ್ಲೆಲ್ಲ ಒತ್ತಿ ನೋಡಿ. ತೇವ ಕಂಡರೆ ಪವರ್ ಕೊಡಲೇಬೇಡಿ. ಆ ಕೂಲರನ್ನು ವಾಪಸ್ ಕೊಡಿ, ನೆನೆದ ಭಾಗಗಳನ್ನು ಐಸೊಪ್ರೊಪಿಲ್ ಆಲ್ಕೋಹಾಲಿನಿಂದ ಒರೆಸಿ ಪೂರ್ತಿ ಒಣಗಿದ ಮೇಲಷ್ಟೇ ಮುಂದಿನ ಯೋಚನೆ.

ಇಷ್ಟಾದರೂ ಸುಳಿವು ಸಿಗದಿದ್ದರೆ ಬೋರ್ಡನ್ನು ಕ್ಯಾಬಿನೆಟ್ಟಿನಿಂದ ಹೊರತೆಗೆಯಿರಿ. ಅದರದೇ ರಟ್ಟಿನ ಡಬ್ಬಿಯ ಮೇಲೆ ಮಲಗಿಸಿ. ಅದು ಸುತ್ತಿ ಬಂದಿದ್ದ ಹೊಳೆಯುವ ಚೀಲದ ಮೇಲೆ ಬೇಡ, ಅದರ ಹೊರಮೈ ವಿದ್ಯುತ್ ಹರಿಸಬಹುದು. ಪ್ರೊಸೆಸರ್, ಕೂಲರ್, ಒಂದೇ ಒಂದು ರ‍್ಯಾಮ್, ಎಸ್‌ಎಂಪಿಎಸ್‌ನ 24 ಪಿನ್ ಮತ್ತು 8 ಪಿನ್, ಇಷ್ಟೇ ಇರಲಿ. ಹಾರ್ಡ್ ಡಿಸ್ಕ್, ಗ್ರಾಫಿಕ್ಸ್ ಕಾರ್ಡ್, ಮುಂಭಾಗದ ಯುಎಸ್‌ಬಿ ಏನೂ ಬೇಡ. ಪವರ್ ಬಟನ್ನಿನ ಎರಡು ಪಿನ್ನುಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಒಂದು ಕ್ಷಣ ಮುಟ್ಟಿಸಿದರೆ ಬಟನ್ ಒತ್ತಿದಂತೆ. ಬಹಳಷ್ಟು ಬೋರ್ಡುಗಳಲ್ಲಿ ಅವು 6 ಮತ್ತು 8ನೇ ಪಿನ್ನುಗಳು, ಆದರೂ ನಿಮ್ಮ ಬೋರ್ಡಿನ ಪುಸ್ತಕದಲ್ಲಿ ಒಮ್ಮೆ ನೋಡಿಕೊಳ್ಳಿ. ಹೀಗೆ ಹೊರಗೆ ಓಡಿತು, ಕ್ಯಾಬಿನೆಟ್ಟಿನೊಳಗೆ ಓಡಲಿಲ್ಲ ಎಂದರೆ ಬೋರ್ಡಿನ ಬೆನ್ನಿಗೆ ಏನೋ ತಗಲುತ್ತಿತ್ತು. ಹೊರಗೂ ಓಡಲಿಲ್ಲ ಎಂದರೆ ಬೋರ್ಡ್, ಪ್ರೊಸೆಸರ್, ಎಸ್‌ಎಂಪಿಎಸ್ ಈ ಮೂರರಲ್ಲೊಂದು.

ಮಲ್ಟಿಮೀಟರ್ ಇದ್ದವರು ಈ ಹಂತದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಎಲ್ಲ ಕೇಬಲ್ ಕಳಚಿ, ಬೋರ್ಡಿನ 8 ಪಿನ್ ಸಾಕೆಟ್ಟಿನ 12 ವೋಲ್ಟ್ ಸಾಲಿಗೂ ಗ್ರೌಂಡ್ ಸಾಲಿಗೂ ನಡುವಿನ ರೆಸಿಸ್ಟೆನ್ಸ್ ಅಳೆಯಿರಿ. ಮೊದಲು ಪ್ರೊಸೆಸರ್ ಸಮೇತ ಅಳೆದು, ಹೆಚ್ಚುಕಡಿಮೆ ಸೊನ್ನೆ ಓಮ್ ತೋರಿಸಿದರೆ ಪ್ರೊಸೆಸರ್ ತೆಗೆದು ಮತ್ತೆ ಅಳೆಯಿರಿ. ತೆಗೆದ ಮೇಲೂ ಸೊನ್ನೆಯೇ ಇದ್ದರೆ ಶಾರ್ಟ್ ಬೋರ್ಡಿನಲ್ಲೇ ಇದೆ. ಅದು ಬೋರ್ಡ್ ರಿಪೇರಿ ಮಾಡುವವರ ಕೆಲಸ. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಯಾರೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರಿನಲ್ಲಿ 300 ವೋಲ್ಟಿಗಿಂತ ಹೆಚ್ಚು ಉಳಿದಿರಬಹುದು, ಅದು ಜೀವ ತೆಗೆಯಬಲ್ಲದು.

ಇದನ್ನೇ ಓದುತ್ತಿರುವ ಬೇರೆಯವರ ಕಂಪ್ಯೂಟರ್ ಬೇರೆ ಥರ ಹಟ ಮಾಡುತ್ತಿರಬಹುದು. ಬೋರ್ಡಿನ ದೀಪವೂ ಇಲ್ಲ, ಏನೂ ಇಲ್ಲ ಎಂದರೆ ಹಿಂಬದಿ ಸ್ವಿಚ್ ಮತ್ತು 24 ಪಿನ್ ಕನೆಕ್ಟರ್ ನೋಡಿ. ಹೆಚ್ಚಿನ ಸಲ ಕೊಕ್ಕೆ ಪೂರ್ತಿ ಕಚ್ಚಿರುವುದಿಲ್ಲ. ದೀಪ ಇದೆ, ಒತ್ತಿದರೆ ಅಲುಗಾಟವೇ ಇಲ್ಲ ಎಂದರೆ ಪವರ್ ಬಟನ್ನಿನ ವೈರ್ ಕಿತ್ತಿರಬಹುದು. ಫ್ಯಾನ್ ಓಡುತ್ತದೆ, ಡಿಸ್‌ಪ್ಲೇ ಇಲ್ಲ ಎಂದರೆ 8 ಪಿನ್ ಕನೆಕ್ಟರ್ ಹಾಕುವುದು ಮರೆತಿದ್ದೀರಾ ನೋಡಿ. ರೇಡಿಯೇಟರ್ ಕೂರಿಸಲು ಅದನ್ನು ಕಳಚಿ ಮರೆಯುವವರೇ ಜಾಸ್ತಿ. ಗ್ರಾಫಿಕ್ಸ್ ಕಾರ್ಡಿನ 8 ಪಿನ್ ಕೇಬಲ್ ನೋಡಲು ಹಾಗೇ ಇದ್ದರೂ ಅದು 6 ಮತ್ತು 2 ಆಗಿ ಒಡೆಯುತ್ತದೆ, ಅದನ್ನು ಇಲ್ಲಿ ಬಲವಂತವಾಗಿ ತುರುಕಬೇಡಿ. ರ‍್ಯಾಮ್ ಕೂಡ ಕೈ ತಾಗಿ ಸಡಿಲವಾಗಿರಬಹುದು, ತೆಗೆದು ಟಕ್ ಎನ್ನುವಂತೆ ಒತ್ತಿ. ಡಿಡಿಆರ್5 ರ‍್ಯಾಮ್ ಇರುವ ಹೊಸ ಬೋರ್ಡುಗಳು ಇಂಥ ಕೆಲಸದ ನಂತರ ಮೊದಲ ಸಲ ರ‍್ಯಾಮನ್ನು ಪರೀಕ್ಷಿಸಿಕೊಳ್ಳುತ್ತಾ ಕೆಲವು ನಿಮಿಷ ಕಪ್ಪು ಪರದೆಯಲ್ಲೇ ಇರುತ್ತವೆ, ಕೆಟ್ಟಿದೆ ಎಂದು ಮಧ್ಯದಲ್ಲಿ ಆಫ್ ಮಾಡಬೇಡಿ. ಆನ್ ಆಗಿ ಒಂದೆರಡು ನಿಮಿಷಕ್ಕೆ ತಾನೇ ಆಫ್ ಆಗುತ್ತಿದ್ದರೆ ಮಾತ್ರ ಕೂಲರನ್ನು ದೂರಬಹುದು: ತಳದ ಪ್ಲಾಸ್ಟಿಕ್ ಹಾಳೆ, ಪಂಪ್‌ನ ಪವರ್, ಸಡಿಲ ಸ್ಕ್ರೂ.

ನಿಮ್ಮ ಕಂಪ್ಯೂಟರ್ ಎದ್ದ ಮೇಲೆ ನೇರ ವಿಂಡೋಸ್‌ಗೆ ಹೋಗಬೇಡಿ. ಬಯಾಸ್ (ವಿಂಡೋಸ್‌ಗೂ ಮೊದಲು ಬರುವ ಬೋರ್ಡಿನ ಸೆಟ್ಟಿಂಗ್ ಪರದೆ) ತೆರೆದು ಐದು ನಿಮಿಷ ಪ್ರೊಸೆಸರಿನ ಶಾಖ ನೋಡುತ್ತಾ ಕೂರಿ. 35ರಿಂದ 50 ಡಿಗ್ರಿಯ ಆಸುಪಾಸಿನಲ್ಲಿ ಬಂದು ನಿಂತರೆ ಸರಿ. ನಿಲ್ಲದೆ ಏರುತ್ತಾ 80 ದಾಟಿದರೆ ತಕ್ಷಣ ಆಫ್ ಮಾಡಿ, ಬಹುಶಃ ಪಂಪ್ ಓಡುತ್ತಿಲ್ಲ. ಓಡುತ್ತಿದ್ದರೆ ಪಂಪ್ ತಲೆಯ ಮೇಲೆ ಬೆರಳಿಟ್ಟಾಗ ಸಣ್ಣ ಕಂಪನ ಸಿಗುತ್ತದೆ, ಅದರ ವೇಗದ ವೈರನ್ನು ಸಿಪಿಯು ಫ್ಯಾನ್ ಎಂದು ಅಚ್ಚಾಗಿರುವ ಪಿನ್ನುಗಳಿಗೆ ಹಾಕಿದ್ದರೆ ಬಯಾಸ್‌ನಲ್ಲಿ ಆರ್‌ಪಿಎಂ ಕೂಡ ಕಾಣುತ್ತದೆ. ಅಲ್ಲಿ ಏನೂ ಹಾಕದಿದ್ದರೆ ಎಷ್ಟೋ ಬೋರ್ಡುಗಳು ಫ್ಯಾನ್ ಇಲ್ಲವೆಂದು ಪರದೆಯಲ್ಲಿ ಎಚ್ಚರಿಸಿ ಅಲ್ಲೇ ನಿಲ್ಲುತ್ತವೆ. ರ‍್ಯಾಮ್ ಪೂರ್ತಿ ಕಾಣುತ್ತಿದೆಯೇ ಎಂದೂ ನೋಡಿಕೊಳ್ಳಿ, ಅರ್ಧವೇ ಇದ್ದರೆ ಯಾವುದೋ ಪಿನ್ ಇನ್ನೂ ಸರಿ ಕೂತಿಲ್ಲ. ಕಳಚಿಟ್ಟ ಡ್ರೈವ್‌ಗಳನ್ನು ಆಮೇಲೆ ಒಂದೊಂದಾಗಿ, ಪ್ರತಿ ಸಲ ಪವರ್ ಕಾರ್ಡ್ ಕಿತ್ತು, ಈ ಎಸ್‌ಎಂಪಿಎಸ್‌ನದೇ ಕೇಬಲ್ಲಿನಲ್ಲಿ ಜೋಡಿಸಿ. ಯಾವುದಾದರೂ ಒಂದನ್ನು ಹಾಕಿದಾಗ ಮತ್ತೆ ಆ ಅರ್ಧ ಸುತ್ತು ಬಂದರೆ, ಆ ಡ್ರೈವ್ ಒಳಗೆ ಶಾರ್ಟ್ ಆಗಿದೆ. ಅದರಲ್ಲಿ ಬೇಕಾದ ಮಾಹಿತಿ ಇದ್ದರೆ ಮತ್ತೆ ಮತ್ತೆ ಪ್ರಯತ್ನಿಸದೆ ಡೇಟಾ ರಿಕವರಿ ಮಾಡುವವರ ಕೈಗೆ ಕೊಡಿ, ಯಾವ ಕೇಬಲ್ ಹಾಕಿದ್ದಿರಿ ಎಂಬುದನ್ನೂ ಮುಚ್ಚಿಡದೆ ಹೇಳಿ.